ಕೊಳವೆಗೊಂದು ಬಿರಡೆ

ರಬ್ಬರ್ ಕೊಳವೆಯೊಂದನ್ನು ಬಾಯಿಗಿಟ್ಟು ಚೀಪಿದ ವಿಜ್ಞಾನದ ಮಾಸ್ತರು ಶಿರಸಿ ಸೀಮೆಯಲ್ಲಿ ನಾನೊಬ್ಬನೇ ಇರಬೇಕು. ಚೀಪಿದ್ದು ಯಲ್ಲಾಪುರದ ಗ್ಯಾರೇಜೊಂದರಲ್ಲಿ, ಮಟಮಟ ಮಧ್ಯಾಹ್ನ, ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು. ಬಾಯಿಗೆ ಬಂದದ್ದು ಹಳೆಯ ಪೆಟ್ರೋಲಿನ ಕಹಿ. ಆಮೇಲೆ ಎಷ್ಟು ಸಲ ಬಾಯಿ ಮುಕ್ಕಳಿಸಿದೆನೋ, ಎಷ್ಟು ಎಲೆಯಡಿಕೆ ಕವಳ ಜಗಿದೆನೋ ಗೊತ್ತಿಲ್ಲ. ಇವತ್ತಿಗೂ ಬೆಳಿಗ್ಗೆ ಎದ್ದ ಕೂಡಲೇ ಒಮ್ಮೊಮ್ಮೆ ಅದೇ ರುಚಿ ನಾಲಗೆಯ ಬುಡದಲ್ಲಿ ಇರುತ್ತದೆ.

ಕೊಳವೆಯ ಕಥೆಗೆ ಹೋಗುವ ಮೊದಲು ನನ್ನ ಆಯಿಯ, ಅಂದರೆ ಅಮ್ಮನ, ಮಡಿಯ ವಿಷಯ ಹೇಳಬೇಕು. ಯಾಕೆಂದರೆ ಮೂಲ ಅಲ್ಲಿದೆ. ಆಯಿ ನಮ್ಮ ಮನೆಯ ಒಲೆ ಬಿಟ್ಟರೆ ಬೇರೆ ಒಲೆಯ ಅನ್ನ ಉಂಡವಳಲ್ಲ. ಅನ್ನ ಹಾಗಿರಲಿ, ನೀರೂ ಇಲ್ಲ. ಸಿದ್ದಾಪುರದ ಕಡೆಯ ಮನ್ಮನೆ ಎಂಬ ಊರಿನಲ್ಲಿದ್ದ ತನ್ನ ತಂಗಿಯ ಮನೆಗೆ ಹೋಗುವಾಗಲೂ ಕೈಯಲ್ಲಿ ತಾಮ್ರದ ಚೆಂಬು, ಅದರೊಳಗೆ ನಮ್ಮ ಬಾವಿಯ ನೀರು. "ಹೊರಗಿನ ನೀರು ಯಂಗೆ ಗಂಟಲಲ್ಲಿ ಇಳೀತಿಲ್ಲೆ ತಮಾ" ಎನ್ನುತ್ತಿದ್ದಳು, ಅದು ತನ್ನ ನಿಯಮವಲ್ಲ, ಗಂಟಲಿನ ರೋಗ ಎಂಬಂತೆ. ಇಂಥವಳಿಗೆ ಕಾಶಿಗೆ ಹೋಗುವ ಆಸೆ. ರೈಲಿನಲ್ಲಿ ಮೂರು ದಿನ ಉಪವಾಸ ಕೂರುತ್ತೇನೆ ಎಂದಳು. ಎಪ್ಪತ್ತು ದಾಟಿದವಳನ್ನು ಹಾಗೆ ಕರೆದೊಯ್ದರೆ ಅವಳು ಕಾಶಿಯಲ್ಲಿ ಇಳಿಯುವ ಬದಲು ನೇರ ವೈಕುಂಠದಲ್ಲೇ ಇಳಿದಾಳೆಂದು ನನಗೆ ಹೆದರಿಕೆ.

ಆಯಿ ಮನೆ ಬಿಡುವುದಿಲ್ಲವೆಂದ ಮೇಲೆ ಮನೆಯೇ ಕಾಶಿಗೆ ಹೋಗಬೇಕು. ಈ ತರ್ಕ ನನ್ನ ತಲೆಗೆ ಹೊಳೆದದ್ದು ತೊಂಬತ್ತರ ದಶಕದ ನಡುವಿನಲ್ಲಿ. ಕರಾವಳಿಯ ಒಂದು ಆಸ್ಪತ್ರೆ, ಹಳ್ಳಿಗಳಲ್ಲಿ ಕಣ್ಣು ತಪಾಸಣೆಗೆ ಒಯ್ಯುತ್ತಿದ್ದ ತನ್ನ ಪೆಟ್ರೋಲ್ ವ್ಯಾನನ್ನು ಹರಾಜಿಗೆ ಇಟ್ಟಿತ್ತು. ನನಗಿಂತ ಆರೇ ವರ್ಷ ಚಿಕ್ಕ ಗಾಡಿ. ಅದನ್ನು ಕೊಂಡು ತಂದೆ. ಬಡಗಿಯನ್ನು ಕರೆಸಿ ಎರಡು ಮಂಚ, ಒಂದು ಅಡುಗೆ ಕಟ್ಟೆ, ನೀರಿನ ಪೀಪಾಯಿಗೊಂದು ಚೌಕಟ್ಟು, ಸಾಲಿಗ್ರಾಮಕ್ಕೊಂದು ಗೂಡು ಕೂರಿಸಿದೆ. ಆಯಿ ತನ್ನ ಹಳೆಯ ಸೀರೆ ಕತ್ತರಿಸಿ ಪರದೆ ಹೊಲಿದಳು. ಊರು ಅದಕ್ಕೆ 'ಮಾಸ್ತರ ಮನೆಗಾಡಿ' ಎಂದು ಹೆಸರಿಟ್ಟಿತು. ಹೆಸರು ಕೂಗಿ ಕಿಸಕ್ಕನೆ ನಕ್ಕವರೇ ಸಂಜೆಗೆ ಬಂದು ಮಂಚದ ಮೇಲೆ ಕುಳಿತು ಕವಳ ಹಾಕಿ, "ಅಡ್ಡಿಲ್ಲೆ, ಆರಾಮಿದ್ದು" ಎಂದು ಹೋದರು.

ಇಂಜಿನ್ನು ಮಾತ್ರ ಆರಾಮಿರಲಿಲ್ಲ. ಎರಡು ಮುಂದಿನ ಸೀಟುಗಳ ನಡುವೆ, ತಗಡಿನ ಮುಚ್ಚಳದ ಕೆಳಗೆ ಕುಳಿತು ಕೆಮ್ಮುತ್ತಿತ್ತು. ಶಿರಸಿಯಲ್ಲಿ ಕೇಳಿದವರೆಲ್ಲ ಒಂದೇ ಹೆಸರು ಹೇಳಿದರು: ಕಾನಸೂರಿನ ಆಚಾರಿ. ಶಿರಸಿಯಿಂದ ಸಿದ್ದಾಪುರಕ್ಕೆ ಹೋಗುವ ದಾರಿಯ ಮೇಲೇ ಅವನ ಶೆಡ್ಡು. ಅಪ್ಪ ಕಮ್ಮಾರ, ಕುಲುಮೆಯವನು. ಮಗ ಇಂಜಿನ್ನು ಕಲಿತಿದ್ದ. ಸುತ್ತಲಿನ ಹಳೆಯ ಪೆಟ್ರೋಲ್ ಜೀಪುಗಳೆಲ್ಲ ಅವನ ಕೈಯಲ್ಲೇ ಬದುಕಿದ್ದವು. ಅವನಲ್ಲಿ ಮೀಟರಿಲ್ಲ, ಕಿಡಿ ನೋಡುವ ದೀಪವಿಲ್ಲ, ಪುಸ್ತಕವಿಲ್ಲ. ಕಣ್ಣು ಮುಚ್ಚಿ ಕೇಳುತ್ತಿದ್ದ, ಅಷ್ಟೆ.

ಇಲ್ಲಿ ನೀವು ಸ್ವಲ್ಪ ತಾಳ್ಮೆ ತೋರಿಸಿದರೆ ಒಂದು ಪಾಠ ಮಾಡಿಬಿಡುತ್ತೇನೆ, ಚಟ ಹೋಗುವುದಿಲ್ಲ. ಇಂಜಿನ್ನಿನೊಳಗೆ ಪಿಸ್ಟನ್ನು ಮೇಲೆ ಬಂದು ಪೆಟ್ರೋಲು ಬೆರೆತ ಗಾಳಿಯನ್ನು ಒತ್ತುತ್ತದೆ, ಆಗ ಕಿಡಿ ಹಾರಬೇಕು. ಆದರೆ ಪಿಸ್ಟನ್ನು ತುದಿ ಮುಟ್ಟಿದ ಮೇಲೆ ಕಿಡಿ ಹಾರಿದರೆ ಪ್ರಯೋಜನವಿಲ್ಲ. ಬೆಂಕಿ ಹರಡಲಿಕ್ಕೆ ಹೊತ್ತು ಬೇಕಲ್ಲ? ನೆಂಟರು ಬಸ್ಸಿಳಿದು ಬಂದ ಮೇಲೆ ಬಚ್ಚಲೊಲೆಗೆ ಬೆಂಕಿ ಹಾಕಿದರೆ ಅವರು ಮೀಯುವುದು ಯಾವಾಗ? ಅದಕ್ಕೇ ಕಿಡಿ ತುಸು ಮುಂಚೆ ಬೀಳಬೇಕು. ತೀರಾ ಮುಂಚೆ ಬಿದ್ದರೆ ಮೇಲೆ ಬರುತ್ತಿರುವ ಪಿಸ್ಟನ್ನಿನ ತಲೆಗೇ ಪೆಟ್ಟು. ತಡವಾದರೆ ಬರೀ ಕಾವು, ಕಸುವಿಲ್ಲ. ಈ 'ತುಸು' ಎಷ್ಟು ಎಂಬುದೇ ಟೈಮಿಂಗು. ಹಗುರಾಗಿ ಓಡುವಾಗ ಒಳಗಿನ ಮಿಶ್ರಣ ತೆಳ್ಳಗಿದ್ದು ಹಸಿ ಕಟ್ಟಿಗೆಯಂತೆ ನಿಧಾನ ಉರಿಯುತ್ತದೆ, ಆಗ ಕಿಡಿ ಇನ್ನೂ ಸ್ವಲ್ಪ ಮುಂಚೆ ಬೇಕು. ಅದಕ್ಕಾಗಿ ಒಂದು ರಬ್ಬರ್ ಕೊಳವೆ. ಅದರ ತುದಿಗೆ ಕುಂಕುಮದ ಭರಣಿಯಷ್ಟು ತಗಡಿನ ಡಬ್ಬಿ, ಡಬ್ಬಿಯೊಳಗೆ ತೆಳುವಾದ ರಬ್ಬರಿನ ಪದರ. ಇಂಜಿನ್ನು ಉಸಿರೆಳೆದಾಗ ಪದರ ಒಳಸರಿದು ಕಿಡಿಯ ಹೊತ್ತನ್ನು ತಾನೇ ಮುಂದಕ್ಕೆ ತರುತ್ತದೆ.

ಆಚಾರಿ ಆ ಕೊಳವೆಯನ್ನು ಕಿತ್ತು ಬಾಯಿಗಿಟ್ಟು ಚೀಪಿದ. ನಾಲಗೆಯಿಂದ ತೂತು ಮುಚ್ಚಿ ಸ್ವಲ್ಪ ಹೊತ್ತು ಹಿಡಿದ. ಆಮೇಲೆ ಥೂ ಎಂದು ಉಗುಳಿದ.

"ಡಬ್ಬಿ ಸರಿ ಇದ್ರೆ ಕೊಳವೆ ನಾಲಗೆ ಹಿಡೀಬೇಕು ಮಾಸ್ತರ್ರೆ. ಇದು ಹಿಡಿಯೂದಿಲ್ಲ. ಒಳಗಿನ ಪದರ ಹರಿದದೆ. ಇಂಜಿನ್ನು ಎಳೆಯೂದು ಬರೀ ಹೊರಗಿನ ಗಾಳಿ."

ನಾನು ಆಗ ಮಾಡಿದ್ದೇನು ಗೊತ್ತೇ? ಅವನನ್ನು ತಿದ್ದಿದೆ. ನಿರ್ವಾತ ಎಂಬುದು ಏನನ್ನೂ ಎಳೆಯುವುದಿಲ್ಲ ಆಚಾರಿ, ಹೊರಗಿನ ಗಾಳಿಯೇ ಒಳಗೆ ತಳ್ಳುತ್ತದೆ, ಏನೂ ಇಲ್ಲದ್ದು ಎಳೆಯಲು ಹೇಗೆ ಸಾಧ್ಯ ಎಂದು ಒಂಬತ್ತನೇ ಇಯತ್ತೆಯ ಪಾಠವನ್ನು ಪೂರ್ತಿ ಒಪ್ಪಿಸಿದೆ. ಅವನು ಕೇಳುತ್ತ ಹಲಸಿನ ಕೆಚ್ಚಿನ ತುಂಡೊಂದನ್ನು ಕೆತ್ತಿ, ಕಿರುಬೆರಳಿನ ತುದಿಯಷ್ಟು ಬಿರಡೆ ಮಾಡಿ, ಮೇಣ ಸವರಿ, ಕೊಳವೆ ಕಿತ್ತಲ್ಲಿ ಇಂಜಿನ್ನಿನ ಕಡೆ ತೆರೆದುಕೊಂಡಿದ್ದ ಬಾಯಿಗೆ ಹೊಡೆದ. ಡಬ್ಬಿಗೆ ಹೋಗುವ ಕೊಳವೆಯನ್ನು ಮಡಚಿ ಪಕ್ಕಕ್ಕೆ ಕಟ್ಟಿದ. ಆಮೇಲೆ ಗಾಡಿಯನ್ನು ಏರಿನಲ್ಲಿ ಓಡಿಸಿ, ಇಳಿದು, ಟೈಮಿಂಗನ್ನು ಕೂದಲೆಳೆಯಷ್ಟು ತಿರುಗಿಸಿ, ಮತ್ತೆ ಓಡಿಸಿ, ಹೀಗೆ ನಾಲ್ಕು ಸಲ ಮಾಡಿದ. ಕೊಳವೆ ಮಾಡಬೇಕಾದ ಕೆಲಸಕ್ಕೆ ಸರಿದೂಗಲೆಂದು ಕಿಡಿಯನ್ನು ಪುಸ್ತಕದ ಗುರುತಿಗಿಂತ ತುಸು ಮುಂದೆಯೇ ಕೂರಿಸಿದ. ಕೊನೆಯ ಸಲ ಇಂಜಿನ್ನಿನ ದನಿ ಹೇಗಿತ್ತೆಂದರೆ, ಬೆಣ್ಣೆ ಬಂದ ಹೊತ್ತಿನ ಕಡೆಗೋಲಿನಂತಿತ್ತು. "ಹೊಸ ಡಬ್ಬಿ ಹುಬ್ಬಳ್ಳೀಲಿ ಸಿಕ್ಕೂವರಿಗೆ ಆ ಬಿರಡೆ ಮುಟ್ಬೇಡಿ" ಎಂದ. ನಾನು ತಲೆಯಾಡಿಸಿದೆ, ನನ್ನ ಕೊನೆಯ ಬೆಂಚಿನ ಮಕ್ಕಳು ಆಡಿಸುವ ಹಾಗೆ.

ಗಾಡಿಯ ಜೊತೆಗೆ ಒಂದು ಪುಸ್ತಕವೂ ಬಂದಿತ್ತು. ಇಂಗ್ಲಿಷಿನದು, ಚಿತ್ರಗಳಿದ್ದದ್ದು, ಅಂಚು ಗೆದ್ದಲು ತಿಂದದ್ದು. ನಮ್ಮ ಜನಕ್ಕೆ ಪುಸ್ತಕವೆಂದರೆ ಒಂದು ದೌರ್ಬಲ್ಯ. ಪಂಚಾಂಗದಿಂದ ಹಿಡಿದು ಗೊಬ್ಬರದ ಚೀಲದ ಹಿಂದಿನ ಬರಹದವರೆಗೆ ಅಚ್ಚಾದದ್ದೆಲ್ಲ ನಮಗೆ ವೇದ, ಎದುರು ನಿಂತ ಮನುಷ್ಯ ಹೇಳಿದ್ದು ಮಾತ್ರ ಗಾಳಿಮಾತು. ಕೊಳವೆಯನ್ನು ಎಂದೂ ತೆಗೆದಿರಬಾರದು, ಚಿತ್ರದಲ್ಲಿ ತೋರಿಸಿದಂತೆ ಕೂಡಿಸಿರಬೇಕು ಎಂದು ಪುಸ್ತಕ ಹೇಳುತ್ತಿತ್ತು. ಹರಿದ ಡಬ್ಬಿಯ ಬಗ್ಗೆ ಪುಸ್ತಕದಲ್ಲಿ ಇತ್ತೋ ಏನೋ. ಆ ಹಾಳೆಯನ್ನು ಗೆದ್ದಲು ಓದಿ ಮುಗಿಸಿತ್ತು.

ಕಾಶಿಗೆ ಮೊದಲು ಪರೀಕ್ಷೆಗೆಂದು ಗೋಕರ್ಣಕ್ಕೆ ಹೊರಟೆವು. ಹೋಗುವಾಗ ದೇವಿಮನೆ ಘಟ್ಟ ಇಳಿದು ಕುಮಟೆಯ ಮೇಲೆ, ಬರುವಾಗ ಅರಬೈಲು ಘಟ್ಟ ಹತ್ತಿ ಯಲ್ಲಾಪುರದ ಮೇಲೆ. ಹೋಗುವ ದಾರಿಯುದ್ದಕ್ಕೂ ಗಾಡಿ ಒಂದು ಮಾತು ಆಡಲಿಲ್ಲ. ಆಯಿ ಅಡುಗೆ ಕಟ್ಟೆಯಲ್ಲೇ ತಂಬುಳಿ ಮಾಡಿ, ಮಹಾಬಲೇಶ್ವರನ ದರ್ಶನ ಮಾಡಿ, ಜನ್ಮದಲ್ಲಿ ಮೊದಲ ಸಲ ಹೊರ ಊರಿನಲ್ಲಿ ಹೊಟ್ಟೆ ತುಂಬ ಉಂಡಳು. ಅಷ್ಟಕ್ಕೆ ಸುಮ್ಮನಿದ್ದರೆ ಆಗುತ್ತಿತ್ತು. ಮರಳುವ ದಿನ ಬೆಳಿಗ್ಗೆ ನಾನು ಮುಚ್ಚಳ ತೆಗೆದು ಪುಸ್ತಕ ಬಿಡಿಸಿಕೊಂಡೆ. ಹಲಸಿನ ಬಿರಡೆ ಕಣ್ಣಿಗೆ ಬಿತ್ತು. ಇಷ್ಟು ಚೆಂದದ ಯಂತ್ರದಲ್ಲಿ ಗಡಿಗೆಯ ಬಾಯಿಗೆ ಹೊಡೆಯುವಂಥ ಒಂದು ಮರದ ಚೂರು! ಹಳ್ಳಿಯವನ ಬುದ್ಧಿ ಎಂದುಕೊಂಡೆ. ಎಂದುಕೊಂಡ ನಾನೂ ಹಳ್ಳಿಯವನೇ. ಬಿರಡೆ ಕಿತ್ತು ಕಿಸೆಗೆ ಹಾಕಿಕೊಂಡು, ಚಿತ್ರದಲ್ಲಿದ್ದಂತೆ ಕೊಳವೆ ಕೂಡಿಸಿದೆ.

ಆಯಿ ಪರದೆ ಸರಿಸಿ ನೋಡಿದಳು. "ಆಚಾರಿ ಹಾಕಿದ್ದಲ್ದ ಅದು? ಅವನ ಹತ್ರ ಒಂದ್ ಮಾತು ಕೇಳಿ ತೆಗಿಲಾಗ್ತಿತ್ತು."

"ಅವಂಗೆಂತ ಗೊತ್ತಿದ್ದು ಆಯಿ" ಎಂದೆ.

ಅರಬೈಲು ಘಟ್ಟದ ಅರ್ಧಕ್ಕೆ ಬಂದಾಗ ಇಂಜಿನ್ನಿನೊಳಗಿಂದ ಕಟಕಟ ಎಂಬ ಸದ್ದು ಬರತೊಡಗಿತು. ಹರಿದ ಡಬ್ಬಿಯಿಂದ ಗಾಳಿ ನುಗ್ಗಿ ಮಿಶ್ರಣ ತೆಳುವಾಗಿತ್ತು, ಕಾವು ಏರಿತ್ತು, ಆ ಕಾವಿನಲ್ಲಿ, ಘಟ್ಟದ ಭಾರದಲ್ಲಿ, ಮುಂದೆ ಕೂರಿಸಿದ್ದ ಕಿಡಿ ಈಗ ವಿಪರೀತ ಮುಂಚಿನದಾಗಿತ್ತು. ಇದೆಲ್ಲ ಈಗ ಹೇಳುತ್ತಿರುವುದು. ಆಗ ನಾನು ಪೆಡಲನ್ನು ಇನ್ನೂ ಒತ್ತಿದೆ.

"ಗಾಡಿ ಹಲ್ಲು ಕಡಿತಾ ಇದ್ದು ತಮಾ, ನಿಲ್ಸು" ಎಂದಳು ಆಯಿ. ನಿಲ್ಲಿಸಲಿಲ್ಲ. ಯಲ್ಲಾಪುರ ಇನ್ನೇನು ಬಂತು ಎನ್ನುವಾಗ ಢಬ್ ಎಂದಿತು. ಹಿಂದೆ ನೀಲಿ ಹೊಗೆ. ಲಾರಿಯವನೊಬ್ಬ ಹಗ್ಗ ಕಟ್ಟಿ ಎಳೆದು ಗ್ಯಾರೇಜಿಗೆ ಮುಟ್ಟಿಸಿದ.

ಅಲ್ಲಿಯ ಮಿಸ್ತ್ರಿ ಇಂಜಿನ್ನಿನ ತಲೆ ಬಿಚ್ಚಿದ. ಒಂದು ಪಿಸ್ಟನ್ನಿನ ನೆತ್ತಿಯಲ್ಲಿ ಎಂಟಾಣೆ ಅಗಲದ ತೂತು. ಅವನು ಗುರುತು ನೋಡಿ ತಲೆ ಕೆರೆದುಕೊಂಡ. ಸುತ್ತ ಐದಾರು ಜನ ಡ್ರೈವರುಗಳು ನೆರೆದಿದ್ದರು.

"ಟೈಮಿಂಗು ಭಾಳ ಮುಂದೈತ್ರೀ. ಯಾರ್ರೀ ಕೂರ್ಸಿದ್ದು?"

"ಕಾನಸೂರಿನ ಆಚಾರಿ" ಎಂದೆ.

ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಟೈಮಿಂಗು ಮುಂದಿತ್ತು, ಕೂರಿಸಿದ್ದು ಆಚಾರಿಯೇ. ನ್ಯಾಯಾಲಯದಲ್ಲಿ ಪ್ರಮಾಣ ಮಾಡಿ ಹೇಳಬಹುದಾದ ಮಾತು. ಇಷ್ಟು ನಿಖರವಾದ ಸತ್ಯವನ್ನು ನಾನು ತರಗತಿಯಲ್ಲೂ ಹೇಳಿದ್ದಿಲ್ಲ. ನಿಜಕ್ಕೂ ಆ ಗಳಿಗೆಯಲ್ಲಿ ಆಚಾರಿಯದೇ ತಪ್ಪೆಂದು ನಾನು ನಂಬಿದ್ದೆ. ಅಲ್ಲಿಗೆ ನಿಂತಿದ್ದರೆ ನನ್ನದು ಬರೀ ದಡ್ಡತನವಾಗುತ್ತಿತ್ತು, ದಡ್ಡತನಕ್ಕೆ ನನ್ನ ಹತ್ತಿರ ಸಮಾಧಾನಗಳಿವೆ.

ಮಿಸ್ತ್ರಿ ಊಟಕ್ಕೆ ಹೋದ. ಡ್ರೈವರುಗಳು ಚಹಾಕ್ಕೆ ಹೋದರು. ಡಬ್ಬಿಯಿಂದ ಜೋತಿದ್ದ ಕೊಳವೆ ನನ್ನೆದುರಿಗೇ ಇತ್ತು. ಆಚಾರಿ ಮಾಡಿದಂತೆ ಬಾಯಿಗಿಟ್ಟು ಚೀಪಿದೆ, ನಾಲಗೆಯಿಂದ ತೂತು ಮುಚ್ಚಿದೆ. ಕೊಳವೆ ನಾಲಗೆಯನ್ನು ಹಿಡಿಯಲಿಲ್ಲ. ಇನ್ನೊಮ್ಮೆ ಚೀಪಿದೆ. ಗಾಳಿ ಸರಾಗವಾಗಿ ಬಂತು, ಅದರ ಜೊತೆ ಆ ಕಹಿ. ಬಿರಡೆ ಯಾಕಿತ್ತು ಎಂಬುದು ಪೂರ್ತಿ ತಿಳಿದದ್ದು ಆವಾಗ. ಕೊಳವೆಯನ್ನು ಮೆಲ್ಲಗೆ ಇದ್ದಲ್ಲೇ ಬಿಟ್ಟು ತಲೆಯೆತ್ತಿದೆ. ಪರದೆಯ ಸಂದಿನಲ್ಲಿ ಆಯಿ ಕೂತಿದ್ದಳು, ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಇಂಜಿನ್ನು ತಿಳಿಯದು, ಮಗನ ಮುಖ ತಿಳಿಯುತ್ತಿತ್ತು.

ಮಿಸ್ತ್ರಿ ಬಂದ ಮೇಲೆ ಹೇಳಬಹುದಿತ್ತು. ಚಹಾ ಕುಡಿದು ಡ್ರೈವರುಗಳು ಬಂದ ಮೇಲೆ ಹೇಳಬಹುದಿತ್ತು. ನಾನು ಕವಳದ ಸಂಚಿ ಬಿಚ್ಚಿದೆ. ಬಾಯಿ ತುಂಬ ಕವಳವಿದ್ದವನನ್ನು ನಮ್ಮಲ್ಲಿ ಯಾರೂ ಮಾತಾಡಿಸುವುದಿಲ್ಲ.

ಯಲ್ಲಾಪುರದಿಂದ ಶಿರಸಿಗೆ ಬರಲು ಟಪಾಲಿಗೆ ಎರಡು ದಿನ ಬೇಕಾದರೆ ಲಾರಿಯವರ ಸುದ್ದಿಗೆ ಎರಡು ತಾಸು ಸಾಕು. ನಾನು ಊರಿಗೆ ಬರುವಷ್ಟರಲ್ಲಿ ಆಚಾರಿ ಪಿಸ್ಟನ್ನಿಗೆ ತೂತು ಮಾಡಿದ ಕಥೆ ನನಗಿಂತ ಮುಂಚೆ ಬಂದು ಕಾಲು ತೊಳೆದು ಕೂತಿತ್ತು. ಶಾಲೆಯಲ್ಲಿ ಕೇಳಿದರು, ಸೊಸೈಟಿಯ ಕಟ್ಟೆಯಲ್ಲಿ ಕೇಳಿದರು. "ಆನು ಎಂತೂ ಹೇಳ್ತ್ನಿಲ್ಲೆ ಮಾರಾಯಾ" ಎಂದೆ, ನಾನೇನೂ ಹೇಳುವುದಿಲ್ಲ ಎಂದು. ನಮ್ಮ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ನಾವು ತಪ್ಪು ಮಾಡಿದವನ ಎದುರು ಎಂದೂ ಬಾಯಿ ಬಿಡುವುದಿಲ್ಲ, ಮರ್ಯಾದಸ್ಥರು. ಅವನೊಬ್ಬನನ್ನು ಬಿಟ್ಟು ಉಳಿದವರಿಗೆಲ್ಲ ತಿಳಿಸುತ್ತೇವೆ, ಅದೂ ಏನೂ ಹೇಳದೆ. ಜೀಪಿನವರು ಒಬ್ಬೊಬ್ಬರಾಗಿ ಕಾನಸೂರಿನಲ್ಲಿ ನಿಲ್ಲದೆ ಸಿದ್ದಾಪುರಕ್ಕೆ ಹೋಗತೊಡಗಿದರು. ಯಾರೂ ಆಚಾರಿಯನ್ನು ಬೈಯಲಿಲ್ಲ. ಎದುರು ಸಿಕ್ಕರೆ ನಕ್ಕು, "ಜೀಪು ಈಗ ಅಡ್ಡಿಲ್ಲೆ, ರಿಪೇರಿ ಬತ್ತಿಲ್ಲೆ" ಎಂದರು.

ಮೂರು ತಿಂಗಳಲ್ಲಿ ನನ್ನ ಗಾಡಿಗೆ ಹೊಸ ಪಿಸ್ಟನ್ನು ಬಂತು, ಹುಬ್ಬಳ್ಳಿಯಿಂದ ಹೊಸ ಡಬ್ಬಿಯೂ ಬಂತು. ಗಾಡಿ ಓಡಿತು. ಆಯಿ, ಕಾಶಿಗೆ ಹೊರಡೋಣವೇ ಎಂದು ಕೇಳಿದೆ. ಅವಳು ಹೂಬತ್ತಿ ಹೊಸೆಯುತ್ತಿದ್ದಳು.

"ಆಚಾರಿ ಹತ್ರ ಹೋಗಿ ಹೇಳಿ ಬಾ. ಅಲ್ಲಿವರೆಗೆ ಆನು ಆ ಗಾಡೀಲಿ ಬತ್ನಿಲ್ಲೆ."

"ಎಂತ ಹೇಳವು?"

"ನಿಂಗೆ ಗೊತ್ತಿದ್ದು" ಎಂದಳು. ಮತ್ತೆಂದೂ ಆ ಮಾತು ಎತ್ತಲಿಲ್ಲ. ಕಾಶಿಯ ಮಾತನ್ನೂ ಎತ್ತಲಿಲ್ಲ. ನಾನು ಮಾತ್ರ ಇಂದು ಹೋಗುತ್ತೇನೆ, ನಾಳೆ ಹೋಗುತ್ತೇನೆ ಎಂದುಕೊಂಡೆ. ಮೊದಲ ವಾರ ಹೋಗಿದ್ದರೆ ಎರಡು ಮಾತಿನ ಕೆಲಸ. ತಿಂಗಳು ಕಳೆದ ಮೇಲೆ ತಡವಾದದ್ದಕ್ಕೂ ಕಾರಣ ಕೊಡಬೇಕು, ವರ್ಷ ಕಳೆದ ಮೇಲೆ ಕಾರಣಕ್ಕೇ ಒಂದು ಕಾರಣ ಬೇಕು. ಸಿದ್ದಾಪುರದ ಕಡೆ ಪರೀಕ್ಷೆಯ ಕೆಲಸ ಬಿದ್ದರೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಕಾನಸೂರು ಬಂದಾಗ ಶೆಡ್ಡು ಎಡಕ್ಕೆ ಎಂದು ಗೊತ್ತಿದ್ದು ಬಲಕ್ಕೆ ಕೂರುತ್ತಿದ್ದೆ. ಮನೆಗಾಡಿ ಹಿತ್ತಲಿನಲ್ಲಿ ನಿಂತು ಬೆಕ್ಕುಗಳ ಬಾಣಂತಿ ಕೋಣೆಯಾಯಿತು. ಆಯಿ ಆಗೀಗ ಚೆಂಬು ಹಿಡಿದು ಬಸ್ಸಿನಲ್ಲಿ ತಂಗಿಯ ಮನೆಗೆ ಹೋಗಿ ಬರುತ್ತಿದ್ದಳು. ಏಳು ವರ್ಷ ಕಳೆದು, ಕಾಶಿ ಕಾಣದೆ, ಒಂದು ಬೆಳಗಿನ ಜಾವ ಹೋಗಿಬಿಟ್ಟಳು. ಬಾಯಿಗೆ ಬಿಟ್ಟ ಗಂಗಾಜಲ ಯಾರೋ ತಂದುಕೊಟ್ಟದ್ದು. ನನ್ನ ಗಾಡಿ ತರಬೇಕಾಗಿದ್ದದ್ದು.

ಆಮೇಲೆ ನಾಲ್ಕು ವರ್ಷಕ್ಕೆ ನಾನೊಂದು ಹೊಸ ಕಾರು ಕೊಂಡೆ. ಮೊದಲ ಸರ್ವಿಸಿಗೆ ಬಿಟ್ಟಾಗ ಹಳೆಯ ಚಪಲದಿಂದ, ಟೈಮಿಂಗು ನೋಡಿದಿರಾ ಎಂದು ಕೇಳಿದೆ. ಇಸ್ತ್ರಿ ಮಾಡಿದ ಅಂಗಿಯ ಮೆಕ್ಯಾನಿಕ್ಕು ನಕ್ಕ. "ಅದನ್ನ ಈಗ ಯಾರೂ ಮುಟ್ಟೋದಿಲ್ಲ ಸರ್, ಕಂಪ್ಯೂಟರೇ ನೋಡ್ಕೊಳ್ಳುತ್ತೆ." ಅವನು ಸಹಜವಾಗಿ ಹೇಳಿದ. ಆಚಾರಿಯ ಕಿವಿಗೆ ನಾನು ಕೆಲಸವಿಲ್ಲದಂತೆ ಮಾಡಿದ್ದು ಸಾಲದೆಂದು ಕಾಲವೂ ಬಂದು ಬಾಗಿಲು ಹಾಕಿತ್ತು. ಮರುದಿನ ಮೇಜಿನ ಖಾನೆಯಿಂದ ಬಿರಡೆ ತೆಗೆದುಕೊಂಡು ಬಸ್ಸು ಹತ್ತಿದೆ. ಎಡಗಡೆಯ ಕಿಟಕಿಯಲ್ಲಿ ಕೂತೆ.

ಶೆಡ್ಡಿನಲ್ಲಿ ಜೀಪು ಇರಲಿಲ್ಲ. ಅಪ್ಪನ ಕುಲುಮೆಯನ್ನು ಮತ್ತೆ ಹಚ್ಚಿ ಆಚಾರಿ ಕತ್ತಿ ಹದ ಮಾಡುತ್ತಿದ್ದ. ಕೂದಲು ಪೂರಾ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಎದ್ದು, ಕೂರುವ ಬಾಂಕನ್ನು ಒರೆಸಿ, "ಕೂತ್ಕಳಿ ಮಾಸ್ತರ್ರೆ" ಎಂದ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಪೀಠಿಕೆಯನ್ನು ಅಲ್ಲಿಗೇ ಬಿಟ್ಟೆ. ಬಿರಡೆಯನ್ನು ಅಂಗೈಯಲ್ಲಿಟ್ಟು ಚಾಚಿದೆ.

"ಇದನ್ನು ತೆಗೆದವನು ನಾನು ಆಚಾರಿ. ನಿನ್ನ ತಪ್ಪಲ್ಲ."

"ಗೊತ್ತಿತ್ತು" ಎಂದ.

"ಯಾವಾಗಿಂದ?"

"ನಿಮ್ಮ ಆಯಿ ಬಂದಾಗಿಂದ."

ನಾನು ಅವನ ಮುಖ ನೋಡಿದೆ. ಅವನು ಕತ್ತಿಯನ್ನು ನೀರಿಗೆ ಅದ್ದಿದ, ಚುಸ್ ಎಂದಿತು.

"ಗಾಡಿ ಕೆಟ್ಟ ವರ್ಷವೇಯ. ಮನ್ಮನೆಗೆ ಹೊರಟವ್ರು ಇಲ್ಲೇ ಬಸ್ಸಿಳಿದ್ರು. ಈಗ ನೀವು ಕೂತೀರಲ್ಲ, ಅದೇ ಬಾಂಕು. 'ಬಿರಡೆ ತೆಗೆದವ ನನ್ನ ಮಗ, ನಿಂದು ತಪ್ಪಿಲ್ಲ' ಅಂದ್ರು. ಮತ್ತೆ ಆಸ್ರಿಗೆ ಕೊಡು ಅಂದ್ರು."

ಆಸರಿಗೆ ಎಂದರೆ ಮನೆಗೆ ಬಂದವರಿಗೆ ಮೊದಲು ಕೊಡುವ ಕುಡಿಯುವ ನೀರು. ಅದನ್ನು ಮನೆಯವರು ಬೇಕೇ ಎಂದು ಕೇಳುವುದು ರೂಢಿ, ಬಂದವರು ಬಾಯಿಬಿಟ್ಟು ಬೇಡುವುದಿಲ್ಲ. ಆಯಿ ಬೇಡಿದ್ದಳು.

"ನಂಗೆ ಎಂತ ಮಾಡೂದು ತಿಳೀಲಿಲ್ಲ ಮಾಸ್ತರ್ರೆ. ಅವರ ಮಡಿ ಊರಿಗೇ ಗೊತ್ತು. 'ನಿಮ್ಮ ಚೆಂಬಲ್ಲೇ ನೀರದೆಯಲ್ರಾ ಅಮ್ಮಾ' ಅಂದೆ. ಎದ್ದು ಹೋಗಿ ಅದ್ನ ಆ ಬಾಳೆ ಬುಡಕ್ಕೆ ಚೆಲ್ಲಿ ಬಂದ್ರು. ನಮ್ಮನೆಯವ್ಳು ಹೆದರ್ಕಂಡೇ ಬೆಲ್ಲ, ನೀರು ತಂದ್ಲು. ಪೂರಾ ಕುಡಿದ್ರು."

ಕುಲುಮೆಯ ಬೆಂಕಿಗೆ ನನ್ನ ಕಣ್ಣು ಉರಿಯತೊಡಗಿತು. ಬೆಂಕಿಗೇ ಎಂದು ಇಟ್ಟುಕೊಳ್ಳಿ.

"ಮತ್ತೆ ನೀನು ಊರಿಗೆ ಹೇಳಲಿಲ್ಲ ಯಾಕೆ?"

"'ಅವ ಬರ್ತ, ಅವನೇ ಬಂದು ಹೇಳ್ಲಿ, ಅಲ್ಲಿವರಿಗೆ ನೀ ಬಾಯಿ ಬಿಡಬೇಡ' ಅಂತ ಅಮ್ಮ ಹೇಳಿ ಹೋಗಿದ್ರು. ನೀರು ಕುಡಿದವ್ರ ಮಾತು. ಕಾದೆ."

ಈಗಲಾದರೂ ಊರಿಗೆಲ್ಲ ಹೇಳುತ್ತೇನೆ ಎಂದೆ. ಅವನು ಬಿರಡೆಯನ್ನು ಎತ್ತಿ, ತಾನೇ ಕೆತ್ತಿದ ಕೆಲಸ ಹೇಗಿದೆಯೆಂದು ಬೆಳಕಿಗೆ ಹಿಡಿದು ನೋಡಿ, ಮತ್ತೆ ನನ್ನ ಅಂಗೈಯಲ್ಲೇ ಇಟ್ಟ. "ಯಾರಿಗೆ ಹೇಳ್ತ್ರಿ? ಜೀಪು ಗುಜರಿಗೆ ಹೋತು. ಜೀಪಿನವ್ರೂ ಅರ್ಧ ಜನ ಹೋದ್ರು. ನೀವೇ ಇಟ್ಕಳಿ, ನಂಗೆ ಈಗ ಇದಕ್ಕೆ ಕೊಳವೆ ಇಲ್ಲ." ಸಿಟ್ಟಿನಿಂದ ಹೇಳಿದ್ದರೆ ನನಗೆ ಹಗುರಾಗುತ್ತಿತ್ತು. ಅವನು ಇದ್ದದ್ದನ್ನು ಇದ್ದಂತೆ ಹೇಳಿದ.

ಒಳಗಿನಿಂದ ಅವನ ಹೆಂಡತಿ ಬಾಗಿಲಿಗೆ ಬಂದು, "ಆಸ್ರಿಗೆ ಎಂತ ತರ್ಲಿ ಮಾಸ್ತರ್ರಿಗೆ?" ಎಂದು ಕೇಳಿದಳು. ಬೆಲ್ಲ, ನೀರು ಎಂದೆ. ತಂದುಕೊಟ್ಟಳು. ಆಯಿ ಕೂತ ಬಾಂಕಿನಲ್ಲೇ ಕೂತು ಲೋಟ ಖಾಲಿ ಮಾಡಿದ ಮೇಲೆ ನನಗೆ ತಿಳಿಯಿತು. ಕಾಶಿಗೆ ಹೋಗದಿದ್ದರೂ ಆಯಿ ತನ್ನ ಯಾತ್ರೆಯನ್ನು ಇಲ್ಲೇ ಇಳಿದು ಮುಗಿಸಿಕೊಂಡಿದ್ದಳು, ಅರ್ಧ ತಾಸಿನ ದಾರಿಯಲ್ಲಿ. ಅದೇ ದಾರಿಯಲ್ಲಿ ನಾನು ಬಸ್ಸಿನ ಬಲಗಡೆ ಕೂತು ಹನ್ನೊಂದು ವರ್ಷ ಓಡಾಡಿದೆ.